ಕಾನ್ಫಿಗ್ ಬ್ಯಾಕಪ್: ಎಲ್ಲವನ್ನೂ ತೆಗೆಯಬೇಕೆ, ಆರಿಸಿ ತೆಗೆಯಬೇಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲಿನಕ್ಸ್ ಸರ್ವರ್‌ಗಳ ಕಾನ್ಫಿಗ್ ಫೈಲ್, ಅಂದರೆ ಸೆಟ್ಟಿಂಗ್ ಬರೆದಿಡುವ ಫೈಲ್‌ಗಳ ಬ್ಯಾಕಪ್ ಬಗ್ಗೆಯೇ ಇವೆ. ನನಗೂ ಹತ್ತಿರದ ವಿಷಯ. ಕೆಟ್ಟುಹೋದ ಸರ್ವರ್‌ಗಳನ್ನು ಮತ್ತೆ ಕಟ್ಟಿ ನಿಲ್ಲಿಸುವುದೇ ನನ್ನ ಕೆಲಸದ ದೊಡ್ಡ ಪಾಲು. ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಡೀ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾವು ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಕೆಲವು ಉಬುಂಟು, ಕೆಲವು ರಾಕಿ ಲಿನಕ್ಸ್. ಪ್ರತಿ ರಾತ್ರಿ, ಸೆಟ್ಟಿಂಗ್ ಫೈಲ್‌ಗಳಿರುವ ಇಟಿಸಿ ಡೈರೆಕ್ಟರಿಯನ್ನು ಪೂರ್ತಿಯಾಗಿ ಟಾರ್ ಮಾಡಿ (ಒಂದೇ ಆರ್ಕೈವ್ ಫೈಲಾಗಿ ಕಟ್ಟಿ) ಬೇರೆ ಕಡೆ ಇಡುತ್ತೇವೆ. ಬೇಕಾದ ಫೈಲ್ ಮಾತ್ರ ಆರಿಸಿ ತೆಗೆಯೋಣ ಅಂತ ನಾನು. ಎಲ್ಲಾ ಇರಲಿ, ಜಾಗಕ್ಕೇನು ಬರ ಅಂತ ನನ್ನ ಸಹೋದ್ಯೋಗಿ. ಯಾರ ಮಾತು ಸರಿ?

ಉತ್ತರ: ಜಾಗದ ವಿಷಯದಲ್ಲಿ ನಿಮ್ಮ ಸಹೋದ್ಯೋಗಿ ಹೇಳುವುದೇ ಸರಿ. ಸಾಮಾನ್ಯ ಸರ್ವರ್‌ನ ಇಡೀ ಇಟಿಸಿ ಕೆಲವು ಎಂಬಿ ಇರುತ್ತದೆ, ಅಷ್ಟೆ. ಜಾಗ ಉಳಿಸಲು ಅಂತ ಫೈಲ್ ಆರಿಸುತ್ತಾ ಕೂರುವುದು ದಂಡ. ಈಗ ನಡೆಯುತ್ತಿರುವ ಟಾರ್ ನಡೆಯಲಿ, ನಿಲ್ಲಿಸಬೇಡಿ.

ಆದರೆ ಡಿಸ್ಕ್ ಹೋಗಿ, ಬೇರೆ ಯಂತ್ರದಲ್ಲಿ ಹೊಸದಾಗಿ ಓಎಸ್ ಹಾಕಿ ಕೂತ ದಿನವನ್ನು ನೆನೆಸಿಕೊಳ್ಳಿ. ಹಳೆ ಇಟಿಸಿಯನ್ನು ಹಾಗೇ ಅದರ ಮೇಲೆ ಸುರಿಯೋಕಾಗುತ್ತಾ? ಯಾವ ಡಿಸ್ಕ್ ಎಲ್ಲಿ ಸೇರಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಹಳೆ ಡಿಸ್ಕ್‌ನ ಯುಯುಐಡಿ (ಗುರುತಿನ ಸಂಖ್ಯೆ) ಇದೆ. ಆ ಡಿಸ್ಕ್ ಈಗಿಲ್ಲ, ಬೂಟ್ ಅರ್ಧಕ್ಕೆ ನಿಲ್ಲುತ್ತದೆ. ನೆಟ್‌ವರ್ಕ್ ಕಾರ್ಡ್‌ನ ಹೆಸರು ಬದಲಾಗಿರುತ್ತದೆ. ಇನ್ನು ಪಾಸ್‌ವರ್ಡ್ ಫೈಲ್. ಅದರಲ್ಲಿರುವ ಯೂಸರ್ ನಂಬರ್‌ಗಳು ಹಳೆ ಯಂತ್ರದವು. ಹೊಸದಾಗಿ ಹಾಕಿದ ಪ್ಯಾಕೇಜ್‌ಗಳು ತಮ್ಮ ಯೂಸರ್‌ಗಳಿಗೆ ಬೇರೆ ನಂಬರ್ ತೆಗೆದುಕೊಂಡಿರಬಹುದು. ಹಳೆ ಫೈಲ್ ಮೇಲೆ ಬಿದ್ದ ಕೂಡಲೇ ಡೇಟಾಬೇಸ್‌ನ ಫೈಲ್‌ಗಳು ಇನ್ಯಾವುದೋ ಸರ್ವಿಸ್‌ನ ಹೆಸರಿಗೆ ಹೋಗಿ ಕೂರುತ್ತವೆ.

ಹಾಗಾಗಿ ಆ ದಿನ ನೀವು ಆರಿಸಲೇಬೇಕು. ನೂರಾರು ಫೈಲ್‌ಗಳ ಮುಂದೆ ಕೂತು, ಇದರಲ್ಲಿ ನಾವು ಕೈಹಾಕಿದ್ದು ಯಾವುದು ಅಂತ ನೆನಪಿಸಿಕೊಳ್ಳಬೇಕು. ಸರ್ವಿಸ್ ನಿಂತಿದೆ, ಫೋನ್ ಹೊಡೆದುಕೊಳ್ಳುತ್ತಿದೆ, ಎರಡು ವರ್ಷದ ಹಿಂದೆ ಸಿಸ್‌ಕಂಟ್ರೋಲ್‌ಗೆ (ಕರ್ನಲ್‌ನ ಸೆಟ್ಟಿಂಗ್‌ಗಳು) ಸೇರಿಸಿದ ಒಂದು ಸಾಲು ಯಾರಿಗೆ ನೆನಪಿರುತ್ತದೆ? ಈ ಆಯ್ಕೆಯನ್ನು ಇವತ್ತೇ, ತಲೆ ತಣ್ಣಗಿರುವಾಗ ಮಾಡಿಡಿ ಅನ್ನುವುದು ನನ್ನ ಒತ್ತಾಯ. ಸ್ಕ್ರಿಪ್ಟ್‌ಗಿಂತ ಅದು ಓದುವ ಪಟ್ಟಿಗೆ ಬೆಲೆ ಜಾಸ್ತಿ.

ಪಟ್ಟಿ ಮಾಡುವಾಗ ನೆನಪನ್ನು ನಂಬಬೇಡಿ, ಸಾಫ್ಟ್‌ವೇರ್ ಹಾಕಿ ತೆಗೆಯುವ ಪ್ಯಾಕೇಜ್ ಮ್ಯಾನೇಜರ್‌ನನ್ನು ಕೇಳಿ. ಪ್ರತಿ ಪ್ಯಾಕೇಜ್ ತಂದ ಕಾನ್ಫಿಗ್ ಫೈಲ್‌ನ ಚೆಕ್‌ಸಮ್ (ಒಳಗಿನ ಮಾತಿನಿಂದ ಲೆಕ್ಕ ಹಾಕಿದ ಗುರುತು) ಅದರ ಬಳಿ ಇರುತ್ತದೆ. ರಾಕಿಯ ಪ್ಯಾಕೇಜ್ ಮ್ಯಾನೇಜರ್ ಆರ್‌ಪಿಎಂಗೆ ಕ್ಯಾಪಿಟಲ್ ವಿ, ಚಿಕ್ಕ ಎ ಕೊಟ್ಟು ಓಡಿಸಿ. ಬದಲಾದ ಫೈಲ್‌ಗಳು ಸಾಲಾಗಿ ಬರುತ್ತವೆ. ಸಾಲಿನ ಮೊದಲಲ್ಲಿ 5 ಇದ್ದರೆ ಒಳಗಿನ ಮಾತು ಬದಲಾಗಿದೆ ಅಂತ, ಪಾತ್‌ಗೆ (ಫೈಲ್‌ನ ಪೂರ್ತಿ ವಿಳಾಸ) ಮೊದಲು ಸಿ ಇದ್ದರೆ ಅದು ಕಾನ್ಫಿಗ್ ಫೈಲ್ ಅಂತ. ಎರಡೂ ಇರುವ ಸಾಲು ನಿಮ್ಮ ಪಟ್ಟಿಗೆ. ಉಬುಂಟುವಿನಲ್ಲಿ ಡಿಪಿಕೆಜಿಯ ವೆರಿಫೈ ಆಯ್ಕೆ ಇದೇ ಕೆಲಸ ಮಾಡುತ್ತದೆ. ಡೆಬ್‌ಸಮ್ಸ್ ಎಂಬ ಪ್ರೋಗ್ರಾಂ ಹಾಕಿಕೊಂಡರೆ ಅದಕ್ಕೆ ಸಿ, ಇ ಎರಡೂ ಆಯ್ಕೆ ಕೊಟ್ಟು ಬದಲಾದ ಕಾನ್ಫಿಗ್ ಫೈಲ್ ಮಾತ್ರ ಪಡೆಯಬಹುದು.

ಇಷ್ಟಕ್ಕೇ ನಿಲ್ಲಿಸಬೇಡಿ. ಉಬುಂಟು, ಡೆಬಿಯನ್‌ಗಳಲ್ಲಿ ಕೆಲವು ಫೈಲ್‌ಗಳನ್ನು ಪ್ಯಾಕೇಜ್ ನೇರವಾಗಿ ಇಡುವುದಿಲ್ಲ. ಯುಸಿಎಫ್ ಎಂಬ ಇನ್ನೊಂದು ಪ್ರೋಗ್ರಾಂ ಅದನ್ನು ನೋಡಿಕೊಳ್ಳುತ್ತದೆ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್‌ನ ಮುಖ್ಯ ಕಾನ್ಫಿಗ್ ಹಾಗೇ ಬರುತ್ತದೆ, ಡೀಫಾಲ್ಟ್ ಡೈರೆಕ್ಟರಿಯ ಗ್ರಬ್ (ಬೂಟ್ ಲೋಡರ್) ಫೈಲ್ ಕೂಡ. ಎಲ್ಲರೂ ಮೊದಲು ಎಡಿಟ್ ಮಾಡುವ ಫೈಲ್‌ಗಳಿವು, ಡೆಬ್‌ಸಮ್ಸ್ ಮಾತ್ರ ಇವುಗಳ ಬಗ್ಗೆ ತುಟಿ ಬಿಚ್ಚುವುದಿಲ್ಲ. ಯುಸಿಎಫ್‌ಕ್ಯೂ ಓಡಿಸಿ ಅವನ್ನು ಬೇರೆಯಾಗಿ ನೋಡಿ.

ಇನ್ನೊಂದು ದೊಡ್ಡ ಗುಂಪು ನೀವೇ ಹೊಸದಾಗಿ ಮಾಡಿದ ಫೈಲ್‌ಗಳು. ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಸೈಟ್ ಫೈಲ್, ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಂಡಿಯ ನಿಮ್ಮದೇ ಯೂನಿಟ್, ನೆಟ್‌ವರ್ಕ್ ಸೆಟ್ಟಿಂಗ್ ಇಡುವ ನೆಟ್‌ಪ್ಲಾನ್‌ನ ಯಾಮಲ್. ಇವು ಯಾವ ಪ್ಯಾಕೇಜ್‌ಗೂ ಸೇರಿದವಲ್ಲ, ಆದ್ದರಿಂದ 'ಬದಲಾಗಿದೆ' ಅಂತ ಯಾರೂ ಹೇಳುವುದಿಲ್ಲ. ಇಟಿಸಿಯ ಒಂದೊಂದು ಫೈಲನ್ನೂ ಫೈಂಡ್‌ನಿಂದ ತೆಗೆದು, ಇದರ ಮಾಲೀಕ ಪ್ಯಾಕೇಜ್ ಯಾವುದು ಅಂತ ಒಂದು ಲೂಪ್‌ನಲ್ಲಿ ಕೇಳಿ. ಉಬುಂಟುವಿನಲ್ಲಿ ಡಿಪಿಕೆಜಿಗೆ ಕ್ಯಾಪಿಟಲ್ ಎಸ್, ರಾಕಿಯಲ್ಲಿ ಆರ್‌ಪಿಎಂಗೆ ಕ್ಯೂ, ಎಫ್. ಉತ್ತರ ಸಿಗದ ಫೈಲ್‌ಗಳನ್ನು ಒಂದು ಕಡೆ ಬರೆಸಿ. ಯಂತ್ರ ತಾನಾಗಿ ಮಾಡಿಕೊಂಡ ಕಸವೂ ಅದರಲ್ಲಿ ಇರುತ್ತದೆ. ಕೂತು ಓದಿ ಕಸ ತೆಗೆಯಿರಿ. ಅರ್ಧ ದಿನ ಹಿಡಿಯಬಹುದು, ಆದರೆ ನಿಮ್ಮ ಸರ್ವರ್ ನಿಮಗೆ ಅಷ್ಟು ಚೆನ್ನಾಗಿ ಪರಿಚಯವಾಗುವುದು ಬೇರೆ ಯಾವ ದಾರಿಯಲ್ಲೂ ಇಲ್ಲ.

ಸಿಕ್ಕಿದ್ದನ್ನೆಲ್ಲ ಒಂದು ಪಠ್ಯ ಫೈಲ್‌ನಲ್ಲಿ ಇಡಿ, ಸಾಲಿಗೊಂದು ಪಾತ್. ನಾನು ಪ್ರತಿ ಪಾತ್‌ನ ಮೇಲಿನ ಸಾಲಿನಲ್ಲಿ ಹ್ಯಾಶ್ (#) ಹಾಕಿ ಕಾರಣ ಬರೆಯುತ್ತೇನೆ: 'ಹಳೆ ಪ್ರಿಂಟರ್‌ಗೆ ಬೇಕಾದ ಪೋರ್ಟ್, ಪ್ರಿಂಟರ್ ಹೋದ ಮೇಲೆ ತೆಗೆಯಬಹುದು', ಈ ಥರ. ಟಾರ್‌ನ ಕ್ಯಾಪಿಟಲ್ ಟಿ ಆಯ್ಕೆಗೆ ಈ ಪಟ್ಟಿ ಕೊಡಬಹುದು. ಒಂದು ಎಚ್ಚರ, ಗ್ನೂ ಟಾರ್‌ಗೆ ಕಾಮೆಂಟ್ ಗೊತ್ತಿಲ್ಲ. ಹ್ಯಾಶ್ ಇರುವ ಸಾಲನ್ನೂ ಫೈಲ್ ಹೆಸರು ಅಂತಲೇ ಹುಡುಕುತ್ತದೆ. ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆ ಹಾಕಿದರೂ ಅದನ್ನು ಬಿಡಿಸಿಕೊಳ್ಳುವುದಿಲ್ಲ. ಕಾಮೆಂಟನ್ನೂ ಖಾಲಿ ಸಾಲನ್ನೂ ಮೊದಲು ಗ್ರೆಪ್‌ನಿಂದ ಸೋಸಿ, ಉಳಿದದ್ದನ್ನು ಟಾರ್‌ಗೆ ಕೊಡಿ.

ಪ್ರಶ್ನೆ: ಇಟಿಸಿ ಪೂರ್ತಿ ತೆಗೆದರೂ ಸರ್ವರ್ ಮತ್ತೆ ಎಬ್ಬಿಸುವಾಗ ಏನಾದರೂ ಒಂದು ಸಿಗುವುದಿಲ್ಲ. ಇಟಿಸಿಯ ಹೊರಗೆ ಏನೇನು ಇರುತ್ತದೆ?

ಉತ್ತರ: ಬಹಳ ಇರುತ್ತದೆ. ಎಲ್ಲರೂ ಮರೆಯುವುದು ಕ್ರಾನ್‌ಟ್ಯಾಬ್, ಅಂದರೆ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ನೋಡುವ ಪಟ್ಟಿ. ಯೂಸರ್ ತಾನೇ ಎಡಿಟ್ ಮಾಡಿದ ಕ್ರಾನ್‌ಟ್ಯಾಬ್ ಇಟಿಸಿಯಲ್ಲಿ ಇರುವುದಿಲ್ಲ. ಅದರ ಜಾಗ ವಾರ್‌ನ ಒಳಗೆ ಸ್ಪೂಲ್, ಅದರ ಒಳಗೆ ಕ್ರಾನ್. ಡೆಬಿಯನ್ ಬಳಗದಲ್ಲಿ ಇನ್ನೂ ಒಂದು ಮೆಟ್ಟಿಲು ಒಳಗೆ, ಕ್ರಾನ್‌ಟ್ಯಾಬ್ಸ್. ಹೊಸ ಸರ್ವರ್ ಚೆನ್ನಾಗಿ ಓಡುತ್ತಿದೆ ಅಂತ ಎಲ್ಲರೂ ಸಮಾಧಾನ ಪಟ್ಟುಕೊಂಡು, ತಿಂಗಳ ಕೊನೆಯಲ್ಲಿ ವರದಿ ಬಾರದಿದ್ದಾಗ ಇದು ಗೊತ್ತಾಗುತ್ತದೆ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಾನ್ಫಿಗ್ ಉಬುಂಟುವಿನಲ್ಲಿ ಇಟಿಸಿಯಲ್ಲೇ ಇದೆ. ರಾಕಿಯಲ್ಲಿ ಅದು ಡೇಟಾ ಡೈರೆಕ್ಟರಿಯಲ್ಲಿ, ಅಂದರೆ ವಾರ್, ಲಿಬ್, ಪಿಜಿಎಸ್‌ಕ್ಯೂಎಲ್ ಒಳಗೆ ಇರುತ್ತದೆ. ಎರಡೂ ಬಗೆಯ ಸರ್ವರ್‌ಗೆ ಒಂದೇ ಪಟ್ಟಿ ಬಳಸುವವರು ಇಲ್ಲಿ ಎಡವುತ್ತಾರೆ. ರೂಟ್‌ನ ಮನೆ ಡೈರೆಕ್ಟರಿಯಲ್ಲಿರುವ ಎಸ್‌ಎಸ್‌ಎಚ್ ಕೀಗಳು, ಯುಎಸ್‌ಆರ್‌ನ ಒಳಗಿನ ಲೋಕಲ್ ಡೈರೆಕ್ಟರಿಯಲ್ಲಿ ನೀವೇ ಇಟ್ಟ ಸ್ಕ್ರಿಪ್ಟ್‌ಗಳು, ಆಪ್ಟ್ ಡೈರೆಕ್ಟರಿಗೆ ಇಳಿಸಿದ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ಗಳು, ಇವನ್ನೂ ನೋಡಿ. ಮನೆ ಡೈರೆಕ್ಟರಿಯಿಂದ ತೆಗೆಯುವಾಗ ಸುಮ್ನೆ ನಕ್ಷತ್ರ ಹಾಕಿದರೆ ಚುಕ್ಕಿಯಿಂದ ಶುರುವಾಗುವ ಹೆಸರುಗಳು ಬಿಟ್ಟುಹೋಗುತ್ತವೆ. ನಿಮಗೆ ಬೇಕಾದದ್ದು ಮುಖ್ಯವಾಗಿ ಅವೇ ಅಲ್ವಾ?

ಇಟಿಸಿಯ ಒಳಗೂ ಒಂದು ಬಲೆ ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಬೇಕು ಅಂತ ಅದರ ಲೈವ್ ಡೈರೆಕ್ಟರಿಯನ್ನು ಮಾತ್ರ ಪಟ್ಟಿಗೆ ಸೇರಿಸುತ್ತಾರೆ. ಅಲ್ಲಿರುವುದು ಬರೀ ಸಿಮ್‌ಲಿಂಕ್, ಬೇರೆ ಫೈಲ್‌ನತ್ತ ಕೈ ತೋರಿಸುವ ಹೆಸರು. ನಿಜವಾದ ಫೈಲ್ ಪಕ್ಕದ ಆರ್ಕೈವ್ ಡೈರೆಕ್ಟರಿಯಲ್ಲಿ. ಟಾರ್ ಸಿಮ್‌ಲಿಂಕನ್ನು ಸಿಮ್‌ಲಿಂಕಾಗಿಯೇ ಎತ್ತಿಕೊಳ್ಳುತ್ತದೆ, ಬಿಚ್ಚಿದಾಗ ಗುರಿಯಿಲ್ಲದ ಲಿಂಕ್ ಮಾತ್ರ ಸಿಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಡೈರೆಕ್ಟರಿಯನ್ನು ಪೂರ್ತಿ ತೆಗೆಯಿರಿ. ಎಂಜಿನ್‌ಎಕ್ಸ್‌ನ ಸೈಟ್ಸ್ ಎನೇಬಲ್ಡ್ ಕಥೆಯೂ ಇದೇ. ಅದರ ಜೊತೆ ಸೈಟ್ಸ್ ಅವೈಲಬಲ್ ಕೂಡ ಬರಬೇಕು.

ಕೊನೆಯದು, ಫೈಲ್ ರೂಪದಲ್ಲೇ ಇಲ್ಲದ ಸಂಗತಿಗಳು. ಓಡುತ್ತಿರುವ ಫೈರ್‌ವಾಲ್ ನಿಯಮಗಳು ಮೆಮೊರಿಯಲ್ಲಿ ಇರುತ್ತವೆ. ಯಾರೋ ಅವಸರದಲ್ಲಿ ಸೇರಿಸಿದ ನಿಯಮ ಯಾವ ಫೈಲ್‌ನಲ್ಲೂ ಬಂದಿರುವುದಿಲ್ಲ. ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್ ಓಡಿಸಿ, ಬಂದದ್ದನ್ನು ಒಂದು ಫೈಲ್‌ಗೆ ಬರೆಸಿ ಅದನ್ನೂ ಬ್ಯಾಕಪ್‌ಗೆ ಸೇರಿಸಿ. ಹಾಗೇ ಪ್ಯಾಕೇಜ್‌ಗಳ ಪಟ್ಟಿ. ಉಬುಂಟುವಿನಲ್ಲಿ ಆಪ್ಟ್‌ಮಾರ್ಕ್‌ನ ಶೋಮ್ಯಾನುಯಲ್ ಕೊಟ್ಟರೆ ನೀವು ಕೇಳಿ ಹಾಕಿಸಿಕೊಂಡ ಪ್ಯಾಕೇಜ್‌ಗಳು ಬರುತ್ತವೆ, ಇನ್‌ಸ್ಟಾಲರ್ ತಂದ ಕೆಲವೂ ಅದರಲ್ಲಿ ಇರುತ್ತವೆ. ರಾಕಿಯಲ್ಲಿ ಆರ್‌ಪಿಎಂಗೆ ಕ್ಯೂ, ಎ. ಈ ಎರಡು ಚಿಕ್ಕ ಫೈಲ್‌ಗಳು ಮತ್ತೆ ಕಟ್ಟುವ ದಿನ ಗಂಟೆಗಟ್ಟಲೆ ಉಳಿಸುತ್ತವೆ.

ಪ್ರಶ್ನೆ: ನನ್ನ ಸ್ಕ್ರಿಪ್ಟ್ ರಾತ್ರಿ ಕ್ರಾನ್‌ನಿಂದ ಓಡುತ್ತದೆ. ಟಾರ್ ಮಾಡಿ, ಪೈಪ್‌ನಲ್ಲಿ ಜಿಜಿಪ್‌ಗೆ ಕೊಟ್ಟು, ದಿನಾಂಕದ ಹೆಸರಿನಲ್ಲಿ ಉಳಿಸಿ, 30 ದಿನಕ್ಕಿಂತ ಹಳೆಯದನ್ನು ಅಳಿಸುತ್ತದೆ. ಕೈಯಿಂದ ಓಡಿಸಿದಾಗ ಎಲ್ಲಾ ಸರಿ ಇತ್ತು. ಮೊನ್ನೆ ನೋಡಿದರೆ ಫೋಲ್ಡರ್‌ನಲ್ಲಿ ಉಪಯೋಗಕ್ಕೆ ಬರುವ ಒಂದು ಫೈಲೂ ಇಲ್ಲ. ಎರಡು ತಿಂಗಳಿಂದ ಬರೀ ಖಾಲಿ ಆರ್ಕೈವ್. ಎಲ್ಲಿ ತಪ್ಪಿದೆ?

ಉತ್ತರ: ನೀವು ಸ್ಕ್ರಿಪ್ಟ್ ಕಳಿಸಿದ್ದು ಒಳ್ಳೆಯದಾಯಿತು. ಬೇರೆ ಬೇರೆ ಕಡೆ ಇರುವ ಸಣ್ಣ ತೊಂದರೆಗಳು ಸೇರಿ ಹೀಗಾಗಿದೆ.

ಒಂದು ಕಮಾಂಡ್ ಕೊಟ್ಟದ್ದನ್ನು ಇನ್ನೊಂದಕ್ಕೆ ದಾಟಿಸುವ ಪೈಪ್‌ನ ಸ್ವಭಾವ ಮೊದಲು. ಪೈಪ್‌ನ ಫಲಿತಾಂಶ ಅಂದರೆ ಕೊನೆಯ ಕಮಾಂಡ್‌ನ ಫಲಿತಾಂಶ. ಟಾರ್ ಬಿದ್ದುಹೋದರೂ ಜಿಜಿಪ್ ತನ್ನ ಪಾಲಿನ ಕೆಲಸ ಮುಗಿಸಿ ಸೊನ್ನೆ, ಅಂದರೆ ತಪ್ಪಿಲ್ಲ ಅಂತ, ಹೇಳುತ್ತದೆ. ಸ್ಕ್ರಿಪ್ಟ್‌ಗೆ ಎಲ್ಲಾ ಚೆನ್ನಾಗಿದೆ ಅಂತಲೇ ಕಾಣುತ್ತದೆ. ಪೈಪ್‌ನಲ್ಲಿ ಯಾವ ಕಮಾಂಡ್ ಬಿದ್ದರೂ ತಪ್ಪು ಅಂತ ಹೇಳುವ ಪೈಪ್‌ಫೇಲನ್ನು ಮೇಲ್ಗಡೆ ಆನ್ ಮಾಡಿ, ಜೊತೆಗೆ ಸೆಟ್‌ನ ಇ ಮತ್ತು ಯು ಆಯ್ಕೆಗಳನ್ನು ಹಾಕಿ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಶ್ ಅಂತಲೇ ಬರೆಯಿರಿ. ಉಬುಂಟುವಿನಲ್ಲಿ ಸುಮ್ನೆ ಎಸ್‌ಎಚ್ ಅಂದರೆ ಡ್ಯಾಶ್ ಎಂಬ ಬೇರೆ ಶೆಲ್ ಬರುತ್ತದೆ, ಅದರ ಕೆಲವು ಆವೃತ್ತಿಗಳಲ್ಲಿ ಪೈಪ್‌ಫೇಲ್ ಇಲ್ಲ. ಇಲ್ಲವೇ ಪೈಪನ್ನೇ ಬಿಟ್ಟು ಟಾರ್‌ನ ಜೆಡ್ ಆಯ್ಕೆ ಬಳಸಿ. ಆಗ ಟಾರ್‌ನ ಉತ್ತರವೇ ನೇರವಾಗಿ ಸಿಗುತ್ತದೆ. ಆ ಉತ್ತರವನ್ನೂ ಓದಲು ಕಲಿಯಿರಿ. 1 ಬಂದರೆ ಓದುತ್ತಿರುವಾಗಲೇ ಯಾವುದೋ ಫೈಲ್ ಬದಲಾಯಿತು ಅಂತ. 2 ಬಂದರೆ ಗಟ್ಟಿ ತಪ್ಪು. ಪಟ್ಟಿಯಲ್ಲಿರುವ ಒಂದು ಫೈಲ್ ಇಲ್ಲದಿದ್ದರೂ 2 ಬರುತ್ತದೆ, ಉಳಿದ ಫೈಲ್‌ಗಳು ಮಾತ್ರ ಆರ್ಕೈವ್‌ಗೆ ಹೋಗಿರುತ್ತವೆ.

ಈಗ ಕ್ರಾನ್. ಡೆಬಿಯನ್ ಬಳಗದಲ್ಲಿ ಯೂಸರ್ ಕ್ರಾನ್‌ಟ್ಯಾಬ್‌ನಿಂದ ಓಡುವ ಕೆಲಸಕ್ಕೆ ಸಿಗುವ ಪಾತ್ (ಇಲ್ಲಿ, ಕಮಾಂಡ್ ಹುಡುಕುವ ಡೈರೆಕ್ಟರಿಗಳ ಪಟ್ಟಿ) ತೀರಾ ಚಿಕ್ಕದು. ಬಿನ್‌ಗಳು ಇರುತ್ತವೆ, ಎಸ್‌ಬಿನ್‌ಗಳು ಇರುವುದಿಲ್ಲ. ನಿಮ್ಮ ಸ್ಕ್ರಿಪ್ಟ್ ಮೊದಲು ಎನ್‌ಎಫ್‌ಟಿ ಕರೆಯುತ್ತದೆ. ಅದು ಎಸ್‌ಬಿನ್‌ನಲ್ಲಿದೆ. ಕೈಯಿಂದ ಓಡಿಸಿದಾಗ ಸಿಕ್ಕಿತು, ಕ್ರಾನ್‌ಗೆ ಸಿಗಲಿಲ್ಲ. ಅದು ಬರೆಯಬೇಕಿದ್ದ ಫೈಲ್ ಖಾಲಿ ಉಳಿಯಿತು. ಸ್ಕ್ರಿಪ್ಟ್‌ನ ಮೇಲ್ಗಡೆ ಪಾತನ್ನು ನೀವೇ ಬರೆದಿಡಿ. ಪರ್ಸೆಂಟ್ ಚಿಹ್ನೆಯ ವಿಷಯವೂ ನೆನಪಿರಲಿ. ಕ್ರಾನ್‌ಟ್ಯಾಬ್ ಸಾಲಿನಲ್ಲಿ ಪರ್ಸೆಂಟ್ ಬಂದರೆ ಕ್ರಾನ್ ಅದನ್ನು ಹೊಸ ಸಾಲು ಅಂತ ತಿಳಿಯುತ್ತದೆ. ಡೇಟ್ ಕಮಾಂಡನ್ನು ಪರ್ಸೆಂಟ್ ಹಾಕಿ ಅಲ್ಲೇ ಬರೆದಿದ್ದೀರಿ. ಕಮಾಂಡ್ ಅರ್ಧಕ್ಕೆ ಕತ್ತರಿಸಿಹೋಗಿದೆ, ಸ್ಕ್ರಿಪ್ಟ್‌ಗೆ ತಲುಪಬೇಕಿದ್ದ ಪಟ್ಟಿಯ ಹೆಸರು ತಲುಪಿಲ್ಲ, ಟಾರ್‌ಗೆ ತೆಗೆಯಲು ಏನೂ ಸಿಕ್ಕಿಲ್ಲ. ಡೇಟ್ ಸ್ಕ್ರಿಪ್ಟ್‌ನ ಒಳಗಿರಲಿ, ಕ್ರಾನ್‌ಟ್ಯಾಬ್‌ನಲ್ಲಿ ಸ್ಕ್ರಿಪ್ಟ್‌ನ ಹೆಸರು ಮಾತ್ರ ಇರಲಿ.

ಎಲ್ಲಕ್ಕಿಂತ ಅಪಾಯ ನಿಮ್ಮ ಅಳಿಸುವ ಸಾಲು. ಅದು ಹೊಸ ಬ್ಯಾಕಪ್ ಆಯಿತೋ ಇಲ್ಲವೋ ನೋಡುವುದಿಲ್ಲ. ಒಂದು ತಿಂಗಳು ಬ್ಯಾಕಪ್ ಕೆಟ್ಟು ಕೂತರೆ ಕೊನೆಯ ಒಳ್ಳೆಯ ಪ್ರತಿಯೂ ವಯಸ್ಸಾಯಿತು ಅಂತ ಹೋಗುತ್ತದೆ. ಆದ್ದರಿಂದ ಕ್ರಮ ಬದಲಾಯಿಸಿ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ. ಟಾರ್‌ನ ಟಿ ಆಯ್ಕೆಯಿಂದ ಒಳಗಿನ ಹೆಸರುಗಳನ್ನು ಓದಿಸಿ, ಎಸ್‌ಎಸ್‌ಎಚ್ ಕಾನ್ಫಿಗ್‌ನಂಥ ಖಂಡಿತ ಇರಲೇಬೇಕಾದ ಫೈಲ್ ಇದೆಯೇ ನೋಡಿ. ಇದ್ದರೆ ಮಾತ್ರ ಎಂವಿಯಿಂದ ನಿಜವಾದ ಹೆಸರಿಗೆ ಬದಲಾಯಿಸಿ. ಆಮೇಲೆ ಅಳಿಸುವುದು. ಅಳಿಸುವಾಗಲೂ ದಿನ ಎಣಿಸಬೇಡಿ, ಪ್ರತಿ ಎಣಿಸಿ: ಇತ್ತೀಚಿನ 30 ಒಳ್ಳೆಯ ಪ್ರತಿ ಉಳಿಸಿಕೊಂಡು ಉಳಿದದ್ದು ಹೋಗಲಿ.

ಎರಡು ತಿಂಗಳು ಯಾರಿಗೂ ತಿಳಿಯಲಿಲ್ಲ ಅಂತ ಬೇಸರ ಮಾಡಿಕೊಂಡಿದ್ದೀರಿ. ದೊಡ್ಡವರಿಗೂ ಹೀಗಾಗಿದೆ. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್ ತಪ್ಪಿ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುತ್ತಿದ್ದ ಪ್ರೋಗ್ರಾಂ 9.2ರದು. ಹಾಗಾಗಿ ಅದು ಎರರ್ ಕೊಟ್ಟು ನಿಲ್ಲುತ್ತಿತ್ತು. ಆ ಸುದ್ದಿ ಹೊತ್ತ ಕ್ರಾನ್ ಮೇಲ್‌ಗಳು ಡಿಮಾರ್ಕ್ ಪರೀಕ್ಷೆ (ಮೇಲ್ ಕಳಿಸಿದವರು ನಿಜವೇ ಅನ್ನುವ ತಪಾಸಣೆ) ದಾಟದೆ ತಿರಸ್ಕಾರವಾಗುತ್ತಿದ್ದವು. ಬೇರೆ ಕೆಲಸಕ್ಕೆ ಅಂತ ಸುಮಾರು 6 ಗಂಟೆ ಮೊದಲು ತೆಗೆದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ಅವರನ್ನು ಉಳಿಸಿತು. ಇದನ್ನೆಲ್ಲ ಆ ಕಂಪನಿಯೇ ಮುಚ್ಚಿಡದೆ ಬರೆದು ಪ್ರಕಟಿಸಿತು. ಅದಕ್ಕೆ ನನಗೆ ಅವರ ಮೇಲೆ ಗೌರವ.

ಹಾಗಾಗಿ ತಪ್ಪಾದರೆ ಮೇಲ್ ಬರುತ್ತದೆ ಅಂತ ನಂಬಿ ಕೂರಬೇಡಿ. ಬ್ಯಾಕಪ್ ಸೇರುವ ಯಂತ್ರದಲ್ಲಿ ಇನ್ನೊಂದು ಚಿಕ್ಕ ಸ್ಕ್ರಿಪ್ಟ್ ಇರಲಿ. ಪ್ರತಿ ಸರ್ವರ್‌ನ ಹೊಸ ಫೈಲ್‌ನ ವಯಸ್ಸು, ಗಾತ್ರ ನೋಡಲಿ. 26 ಗಂಟೆಗಿಂತ ಹಳೆಯದಾದರೆ, ಅಥವಾ ಗಾತ್ರ ನಿನ್ನೆಯ ಅರ್ಧಕ್ಕಿಂತ ಕಡಿಮೆಯಾದರೆ ಕೂಗಲಿ.

ಪ್ರಶ್ನೆ: ಹಿಂದಿನ ಬ್ಯಾಕಪ್ ನಂತರ ಬದಲಾದ ಫೈಲ್ ಮಾತ್ರ ತೆಗೆಯಲು ಫೈಂಡ್‌ನ ನ್ಯೂಯರ್ ಆಯ್ಕೆ ಬಳಸುತ್ತೇನೆ. ಬದಲಾಗಿದ್ದು ಖಾತ್ರಿ ಇದ್ದ ಒಂದು ಫೈಲ್ ಬರಲೇ ಇಲ್ಲ. ಯಾಕೆ?

ಉತ್ತರ: ನ್ಯೂಯರ್ ನೋಡುವುದು ಎಂಟೈಮ್, ಅಂದರೆ ಒಳಗಿನ ಮಾತು ಬದಲಾದ ಸಮಯ. ಯಾರೋ ಆ ಫೈಲನ್ನು ಬೇರೆ ಯಂತ್ರದಿಂದ ಆರ್‌ಸಿಂಕ್‌ನ ಎ ಆಯ್ಕೆಯಲ್ಲೋ, ಸಿಪಿಯ ಪಿ ಆಯ್ಕೆಯಲ್ಲೋ ತಂದಿಟ್ಟರೆ ಹಳೆಯ ಎಂಟೈಮ್ ಹಾಗೇ ಉಳಿಯುತ್ತದೆ. ಫೈಂಡ್‌ಗೆ ಅದು ಹೋದ ವರ್ಷದ ಫೈಲ್. ಸಿನ್ಯೂಯರ್ ಆಯ್ಕೆ ಬಳಸಿ. ಅದು ಸಿಟೈಮ್ ನೋಡುತ್ತದೆ. ಪರ್ಮಿಷನ್ ಬದಲಾದರೂ, ಮಾಲೀಕ ಬದಲಾದರೂ ಅದಕ್ಕೆ ಗೊತ್ತಾಗುತ್ತದೆ. ಗುರುತಿನ ಫೈಲನ್ನು ಟಾರ್ ಶುರುವಾಗುವ ಮೊದಲೇ ಟಚ್ ಮಾಡಿಟ್ಟುಕೊಳ್ಳಿ. ಮುಗಿದ ಮೇಲೆ ಮಾಡಿದರೆ ನಡುವೆ ಬದಲಾದದ್ದು ಎಂದಿಗೂ ಸಿಗುವುದಿಲ್ಲ.

ಆದರೂ ಒಂದು ಮಾತು. ಕಾನ್ಫಿಗ್‌ನಷ್ಟು ಚಿಕ್ಕ ಸಂಗ್ರಹಕ್ಕೆ 'ಬದಲಾದದ್ದು ಮಾತ್ರ' ಬೇಕಿಲ್ಲ. ಪ್ರತಿ ರಾತ್ರಿ ಪಟ್ಟಿ ಪೂರ್ತಿ ತೆಗೆಯಿರಿ. ಒಂದೇ ಆರ್ಕೈವ್ ಬಿಚ್ಚಿದರೆ ಎಲ್ಲಾ ಸಿಗಬೇಕು.

ಪ್ರಶ್ನೆ: ಈಟಿಸಿಕೀಪರ್ ಹಾಕಿದ್ದೇನೆ. ಇನ್ನು ಬ್ಯಾಕಪ್ ಸ್ಕ್ರಿಪ್ಟ್ ಯಾಕೆ ಬೇಕು?

ಉತ್ತರ: ಈಟಿಸಿಕೀಪರ್ ನನಗೂ ಇಷ್ಟ, ನನ್ನ ಎಲ್ಲಾ ಸರ್ವರ್‌ಗಳಲ್ಲೂ ಇದೆ. ಇಟಿಸಿಯನ್ನು ಗಿಟ್‌ನಲ್ಲಿ (ಬದಲಾವಣೆಗಳ ಇತಿಹಾಸ ಇಡುವ ಪ್ರೋಗ್ರಾಂ) ಇಡುತ್ತದೆ, ಪ್ಯಾಕೇಜ್ ಹಾಕುವ ಮೊದಲೂ ನಂತರವೂ ತಾನೇ ಕಮಿಟ್ ಮಾಡುತ್ತದೆ. ಗಿಟ್ ಒಂದಕ್ಕೇ ಬಿಟ್ಟರೆ ಫೈಲ್‌ನ ಮಾಲೀಕ ಯಾರು ಅಂತ ಉಳಿಯುವುದಿಲ್ಲ, ಪರ್ಮಿಷನ್‌ನಲ್ಲೂ ಓಡಿಸಬಹುದೇ ಇಲ್ಲವೇ ಅನ್ನುವುದು ಮಾತ್ರ ಉಳಿಯುತ್ತದೆ. ಈಟಿಸಿಕೀಪರ್ ಉಳಿದದ್ದನ್ನು ತನ್ನದೇ ಫೈಲ್‌ನಲ್ಲಿ ಬರೆದಿಡುತ್ತದೆ. ಯಾವ ಸಾಲು ಯಾವಾಗ ಬದಲಾಯಿತು ಅಂತ ನೋಡಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಆದರೆ ಆ ಗಿಟ್ ಇರುವುದು ಅದೇ ಡಿಸ್ಕ್‌ನಲ್ಲಿ. ಡಿಸ್ಕ್ ಹೋದರೆ ಅದೂ ಹೋಗುತ್ತದೆ. ಇಟಿಸಿಯ ಹೊರಗಿನದು ಅದಕ್ಕೆ ಗೊತ್ತೂ ಇಲ್ಲ. ಹೊರಗಿನ ಗಿಟ್ ಸರ್ವರ್‌ಗೆ ಪುಶ್ ಮಾಡುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. ಪಾಸ್‌ವರ್ಡ್‌ಗಳ ಗುಪ್ತರೂಪ ಇರುವ ಶ್ಯಾಡೋ ಫೈಲ್, ಸರ್ವರ್‌ನ ಗುರುತಾದ ಎಸ್‌ಎಸ್‌ಎಚ್ ಹೋಸ್ಟ್ ಕೀ ಎಲ್ಲವೂ ಅದರ ಇತಿಹಾಸದಲ್ಲಿ ಸೇರಿರುತ್ತವೆ.

ಪ್ರಶ್ನೆ: ಹಾಗಾದರೆ ಪಾಸ್‌ವರ್ಡ್, ಪ್ರೈವೇಟ್ ಕೀ ಇರುವ ಫೈಲ್‌ಗಳನ್ನು ಪಟ್ಟಿಯಿಂದ ಬಿಟ್ಟುಬಿಡಬೇಕೆ?

ಉತ್ತರ: ಬೇಡ. ಹೋಸ್ಟ್ ಕೀ ಬಿಟ್ಟರೆ, ಹೊಸ ಸರ್ವರ್‌ಗೆ ಲಾಗಿನ್ ಆಗುವ ಪ್ರತಿಯೊಬ್ಬರಿಗೂ 'ಈ ಯಂತ್ರದ ಗುರುತು ಬದಲಾಗಿದೆ' ಅಂತ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆಯನ್ನು ಜನ ಕಡೆಗಣಿಸುವಂತೆ ಅಭ್ಯಾಸ ಮಾಡಿಸುವುದು ತುಂಬಾ ಕೆಟ್ಟದ್ದು.

ಅವನ್ನು ಬೇರೆ ಪಟ್ಟಿಯಲ್ಲಿ ಹಾಕಿ, ಬೇರೆ ಆರ್ಕೈವ್ ಮಾಡಿ, ಜಿಪಿಜಿಯಿಂದ ಎನ್‌ಕ್ರಿಪ್ಟ್ ಮಾಡಿ. ಸರ್ವರ್‌ನಲ್ಲಿ ಪಬ್ಲಿಕ್ ಕೀ ಮಾತ್ರ ಇರಲಿ. ಆಗ ಸರ್ವರ್‌ಗೆ ಮುಚ್ಚಲು ಬರುತ್ತದೆ, ತೆರೆಯಲು ಬರುವುದಿಲ್ಲ. ಸ್ಕ್ರಿಪ್ಟ್‌ನ ಮೇಲ್ಗಡೆ ಯುಮಾಸ್ಕ್ 077 ಹಾಕಿ. ಇಲ್ಲವಾದರೆ ಮೂಲ ಫೈಲ್ ರೂಟ್‌ಗೆ ಮಾತ್ರ ಕಾಣುತ್ತಿದ್ದರೂ ಆರ್ಕೈವ್ ಎಲ್ಲರಿಗೂ ಓದಲು ಸಿಗುತ್ತದೆ. ಸಾಧ್ಯವಾದರೆ ಸರ್ವರ್ ಬ್ಯಾಕಪ್ ಕಳಿಸುವುದು ಬೇಡ, ಬ್ಯಾಕಪ್ ಯಂತ್ರವೇ ಬಂದು ಎತ್ತಿಕೊಳ್ಳಲಿ. ಸರ್ವರ್‌ಗೆ ನುಗ್ಗಿದವರ ಕೈಗೆ ಬ್ಯಾಕಪ್ ಅಳಿಸುವ ಕೀ ಸಿಗಬಾರದು.

ಪ್ರಶ್ನೆ: ಟಾರ್ ಓಡಿಸಿದಾಗ, ಹೆಸರಿನ ಮೊದಲ ಸ್ಲ್ಯಾಶ್ ತೆಗೆಯುತ್ತಿದ್ದೇನೆ ಅಂತ ಒಂದು ಸಾಲು ಬರುತ್ತದೆ. ಇದು ತಪ್ಪೇ? ಬಿಚ್ಚಿ ಪರೀಕ್ಷಿಸುವುದು ಹೇಗೆ?

ಉತ್ತರ: ತಪ್ಪಲ್ಲ, ಟಾರ್ ನಿಮ್ಮನ್ನು ಕಾಯುತ್ತಿದೆ. ಸ್ಲ್ಯಾಶ್ ಉಳಿದಿದ್ದರೆ ಬಿಚ್ಚಿದ ಕೂಡಲೇ ಫೈಲ್‌ಗಳು ಈಗ ಓಡುತ್ತಿರುವ ಇಟಿಸಿಯ ಮೇಲೆ ಹೋಗಿ ಬೀಳುತ್ತಿದ್ದವು. ಸ್ಲ್ಯಾಶ್ ಇಲ್ಲದ ಕಾರಣ, ಕ್ಯಾಪಿಟಲ್ ಸಿ ಆಯ್ಕೆಯಲ್ಲಿ ಒಂದು ಖಾಲಿ ಡೈರೆಕ್ಟರಿ ತೋರಿಸಿದರೆ ಎಲ್ಲಾ ಅದರೊಳಗೆ ಬರುತ್ತವೆ. ರೂಟ್ ಆಗಿಯೇ ಬಿಚ್ಚಿ, ಇಲ್ಲವಾದರೆ ಫೈಲ್‌ಗಳ ಮಾಲೀಕತ್ವ ನಿಮ್ಮ ಹೆಸರಿಗೆ ಬರುತ್ತದೆ. ಡಿಫ್‌ನ ಆರ್ ಆಯ್ಕೆಯಿಂದ ಓಡುತ್ತಿರುವ ಫೈಲ್‌ಗಳ ಜೊತೆ ಹೋಲಿಸಿ.

ಬಿಚ್ಚಿದ ಕಾನ್ಫಿಗ್‌ನ ವ್ಯಾಕರಣ ನೋಡಲು ಎಂಜಿನ್‌ಎಕ್ಸ್‌ಗೂ ಎಸ್‌ಎಸ್‌ಎಚ್‌ಡಿಗೂ ಟಿ ಆಯ್ಕೆ ಇದೆ. ಆದರೆ ಎರಡರ ಮುಖ್ಯ ಫೈಲೂ ಬೇರೆ ಫೈಲ್‌ಗಳನ್ನು ಪೂರ್ತಿ ಪಾತ್ ಕೊಟ್ಟು ಒಳಗೆ ಕರೆಯುತ್ತವೆ. ಅದೇ ಸರ್ವರ್‌ನಲ್ಲಿ ಪರೀಕ್ಷಿಸಿದರೆ ಬಿಚ್ಚಿದ ಪ್ರತಿಯ ಬದಲು ಈಗಿನ ಫೈಲ್‌ಗಳನ್ನೇ ಓದಿ ಸರಿ ಇದೆ ಅನ್ನುತ್ತವೆ. ಆದ್ದರಿಂದ ಖಾಲಿ ವರ್ಚುವಲ್ ಮಷೀನ್ ಒಂದರಲ್ಲಿ ಓಎಸ್ ಹಾಕಿ, ಪ್ಯಾಕೇಜ್ ಪಟ್ಟಿಯಿಂದ ಪ್ಯಾಕೇಜ್ ಹಾಕಿ, ನಿಮ್ಮ ಪಟ್ಟಿಯ ಫೈಲ್‌ಗಳನ್ನು ಇಟ್ಟು ಸರ್ವಿಸ್ ಎಬ್ಬಿಸಿ ನೋಡಿ. ಎಲ್ಲಿ ನಿಂತಿತೋ ಅಲ್ಲಿ ಪಟ್ಟಿಗೆ ಒಂದು ಸಾಲು ಸೇರಿಸಬೇಕು ಅಂತ ಅರ್ಥ. ರಾಕಿ ಆಗಿದ್ದರೆ ಫೈಲ್ ಇಟ್ಟ ಮೇಲೆ ರೀಸ್ಟೋರ್‌ಕಾನ್ ಓಡಿಸಿ. ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಲೇಬಲ್ ತಪ್ಪಿದ್ದರೆ ಪರ್ಮಿಷನ್ ಸರಿ ಇದ್ದರೂ ಸರ್ವಿಸ್ ಆ ಫೈಲನ್ನು ತೆರೆಯಲಾರದು.